ಶಾಂತಿ ಸಭೆಯಲ್ಲಿ ಹುಡುಗರಿಗೂ ಕುರ್ಚಿ: ಗಣೇಶ ಹಬ್ಬಕ್ಕೆ ಮುಂಚಿನ ಪ್ರಗತಿ ಟಿಪ್ಪಣಿ

ಹಬ್ಬ ಹತ್ತಿರ ಬಂದಾಗ ಠಾಣೆಯಲ್ಲಿ ಶಾಂತಿ ಸಭೆ ನಡೆಯುತ್ತದೆ. ಮುಖಂಡರು ಬರುತ್ತಾರೆ, ನಡಾವಳಿಗೆ ಸಹಿ ಹಾಕುತ್ತಾರೆ. ಆದರೆ ಡಿಜೆ ಯಾವುದು, ಮೆರವಣಿಗೆ ಎಲ್ಲೆಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಎಂದು ತೀರ್ಮಾನಿಸುವ ಹುಡುಗರು ಅಲ್ಲಿರುವುದಿಲ್ಲ. 18ರಿಂದ 29 ವರ್ಷದವರಿಗೆ ಶಾಂತಿಯ ಕೆಲಸದಲ್ಲಿ ಪಾಲು ಇರಬೇಕೆಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2015ರಲ್ಲೇ 2250ನೇ ನಿರ್ಣಯ ಮಾಡಿದೆ. ಹಗ್ಗ ಹಿಡಿದು ನಿಲ್ಲಲಷ್ಟೇ ಕರೆದರೆ ಅದು ಪಾಲು ಅಲ್ಲ, ಬಿಟ್ಟಿ ಕೆಲಸ.

ಗಣೇಶ ಮಂಡಳಿಯ ಹುಡುಗರ ಜೊತೆ ಮಾತು ಶುರುವಾಗಬೇಕಾದ್ದು ಡಿಜೆಗೆ ಮುಂಗಡ ಕೊಡುವ ಮೊದಲು. ಹಣ ಕೈಬಿಟ್ಟ ಮೇಲೆ ಯಾರ ಮಾತೂ ನಡೆಯುವುದಿಲ್ಲ. ಈ ಸಲ ಮುಂಗಡಕ್ಕೆ ಮೊದಲೇ ಮಾತು ಶುರುವಾಗಿದೆ.

ದಾರಿ ನೋಡುವ ಕೆಲಸವೂ ಮುಗಿದಿದೆ. ಮಂಡಳಿಯವರೊಬ್ಬರು, ಮುಸ್ಲಿಂ ಮೊಹಲ್ಲಾದವರೊಬ್ಬರು ಹೀಗೆ ಜೋಡಿಯಾಗಿ ನಡೆದು ಗುರುತು ಹಾಕಿದ್ದಾರೆ. ಮಸೀದಿ ಬೀದಿಯ ತಿರುವಿನಲ್ಲಿ ಟಿವಿ ಕೇಬಲ್ ಜೋತುಬಿದ್ದಿದೆ. ಮೂರ್ತಿ ದಾಟಿಸಲು ಕೋಲಿನಿಂದ ಅದನ್ನು ಎತ್ತಬೇಕು. ಅಷ್ಟು ಹೊತ್ತು ಟ್ರ್ಯಾಕ್ಟರ್ ನಿಲ್ಲುತ್ತದೆ, ಡಿಜೆ ನಿಲ್ಲುವುದಿಲ್ಲ. ಒಳಗೆ ನಮಾಜಿಗೆ ನಿಂತವರಿಗೆ ಇದು ಬೇಕೆಂದೇ ಮಾಡಿದ್ದು ಅನಿಸುತ್ತದೆ. ಕೇಬಲ್ಲನ್ನು ಮೊದಲೇ ಎತ್ತಿ ಕಟ್ಟಿಸಿದರೆ ಜಗಳದ ಅರ್ಧ ಕಾರಣ ಹೋಗುತ್ತದೆ. ಕರೆಂಟ್ ತಂತಿಯಾದರೆ ಲೈನ್‌ಮನ್ನೇ ಬರಬೇಕು, ಹುಡುಗರು ಕೈ ಹಾಕಬಾರದು. ವೇಳೆ ಗೊತ್ತುಮಾಡುವಾಗ ಆಜಾನ್ ಸಮಯ ಬರೆದುಕೊಂಡರೆ ಸಾಲದು. ಜಮಾತ್, ಅಂದರೆ ಎಲ್ಲರೂ ಸೇರಿ ಮಾಡುವ ನಮಾಜು, ಎಷ್ಟಕ್ಕೆ ಎಂದು ಪ್ರತಿ ಮಸೀದಿಯಲ್ಲೂ ಕೇಳಬೇಕು, ಒಂದೊಂದು ಕಡೆ ಒಂದೊಂದು. ರಾತ್ರಿ 10ರ ನಂತರ ಧ್ವನಿವರ್ಧಕಕ್ಕೆ ನಿಷೇಧವಿರುವುದರಿಂದ ಆ ಬೀದಿಗೆ ಎಷ್ಟು ಗಂಟೆಗೆ ತಲುಪಬೇಕೆಂದು ಹಿಂದಿನಿಂದ ಲೆಕ್ಕ ಹಾಕಬೇಕು.

ಗಾಳಿಸುದ್ದಿ ತಡೆಯುವ ವಾಟ್ಸಾಪ್ ಗುಂಪಿನ ನಿಯಮ ಹೀಗಿದೆ: ಎಲ್ಲಿ, ಯಾವಾಗ, ಕಣ್ಣಾರೆ ಕಂಡವರು ಯಾರು? ಈ ಮೂರೂ ಇಲ್ಲದ ಸಂದೇಶ ಮುಂದೆ ಹೋಗಬಾರದು. ಆ ಜಾಗದಲ್ಲಿರುವ ಜೋಡಿಗೆ ವಿಡಿಯೋ ಕರೆ ಮಾಡಿ ನೋಡಬೇಕು. ವಿಡಿಯೋ ಬಂದರೆ ಅದು ಇಲ್ಲಿಯದೇ, ಇವತ್ತಿನದೇ ಎಂದು ತಿಳಿಯಲು ಅಂಗಡಿ ಬೋರ್ಡಿನ ಲಿಪಿ, ವಾಹನದ ನಂಬರ್, ರಸ್ತೆ ಒದ್ದೆಯೋ ಒಣಗಿದೆಯೋ ಗಮನಿಸಬೇಕು. ಉತ್ತರ 30 ಸೆಕೆಂಡಿನೊಳಗಿನ ಧ್ವನಿ ಸಂದೇಶವಾಗಿರಲಿ, ಕನ್ನಡದಲ್ಲೊಂದು, ಇಲ್ಲಿನ ಮುಸ್ಲಿಮರ ಆಡುಮಾತಾದ ದಖನಿ ಉರ್ದುವಿನಲ್ಲೊಂದು. ‘ಸುಳ್ಳು’ ಎಂದು ಬರೆದಾದರೂ ಹಳೇ ವಿಡಿಯೋ ಮತ್ತೆ ಕಳಿಸಬಾರದು. ಬರಹ ಕತ್ತರಿಸಿ ವಿಡಿಯೋ ಮಾತ್ರ ಓಡಾಡುತ್ತದೆ. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸಾಪ್ ಸುದ್ದಿ ಒಬ್ಬ ಯುವಕನ ಜೀವ ತೆಗೆದಿದ್ದನ್ನು ಈ ಕೆಲಸ ಮಾಡುವವರು ಮರೆಯುವಂತಿಲ್ಲ.

ಇನ್ನೂ ಬಿಡಿಸದ ಗಂಟು ಈ ಕೆಲಸಕ್ಕೆ ಬಂದ ಹುಡುಗರ ಹೆಸರುಗಳ ಪಟ್ಟಿಯದು. ಎಲ್ಲರ ಹೆಸರನ್ನೂ ಠಾಣೆಗೆ ಕೊಟ್ಟರೆ ನಾಳೆ ಅದೇ ಪಟ್ಟಿ ಹಿಡಿದು ಮುಚ್ಚಳಿಕೆಗೆ ಕರೆಯಬಹುದೆಂಬ ಭಯ ಹುಡುಗರಿಗಿದೆ, ಅದು ನ್ಯಾಯವೇ. ಎರಡೂ ಕಡೆಯಿಂದ ಒಬ್ಬೊಬ್ಬ ಸಂಯೋಜಕರ ಹೆಸರು ಮಾತ್ರ ಕೊಡುವುದು, ಉಳಿದ ಪಟ್ಟಿ ಗುಂಪಿನಲ್ಲೇ ಇರುವುದು ಎಂಬುದು ನಮ್ಮ ಪ್ರಸ್ತಾಪ. 18 ತುಂಬದವರನ್ನು ರಾತ್ರಿ ಚೌಕಗಳಲ್ಲಿ ನಿಲ್ಲಿಸುವುದಿಲ್ಲ. ಗುಂಪಿನ ಸಂಜೆಯ ಸಭೆಗೆ ಹುಡುಗಿಯರು ಬರಲಾಗದ ಕಾರಣ ಅದನ್ನು ಭಾನುವಾರ ಬೆಳಿಗ್ಗೆ ಗ್ರಂಥಾಲಯಕ್ಕೆ ಬದಲಿಸಲಾಗಿದೆ. ಕೂಲಿ ಬಿಟ್ಟು ಬರುವವರಿಗೆ ಆ ದಿನದ ಖರ್ಚು ಅಂದೇ ಕೈಗೆ ಸೇರಬೇಕು.

ಉಳಿದಿರುವುದು: ಮೆರವಣಿಗೆ ನಿಲ್ಲುವ ಜಾಗಗಳ ಪಟ್ಟಿಯನ್ನು ಶಾಂತಿ ಸಭೆಯ ನಡಾವಳಿಯಲ್ಲಿ ಸೇರಿಸಿ ಇಬ್ಬರು ಸಂಯೋಜಕರ ಸಹಿ ಹಾಕಿಸುವುದು, ಈದ್ ಮಿಲಾದ್ ಮೆರವಣಿಗೆಯ ದಾರಿಯನ್ನೂ ಇದೇ ಜೋಡಿಗಳು ನಡೆದು ಗುರುತು ಹಾಕುವುದು.