ಸೀರೆ ಕುಚ್ಚು: ಆರ್ಡರ್ ಫೋನಿನಲ್ಲಿ, ಕೆಲಸ ಮಗು ಮಲಗಿದಾಗ

ಮಗು ಮಲಗಿದಾಗ ಹಿಡಿದು, ಎದ್ದ ಕೂಡಲೇ ಬಿಡಬಹುದಾದ ಕೆಲಸ ಹೆಚ್ಚಿಲ್ಲ. ಕುಚ್ಚು ಕಟ್ಟುವುದು ಅಂಥದ್ದು. ಗಂಟು ಬಿದ್ದ ಮೇಲೆ ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಇನ್‌ಸ್ಟಾಗ್ರಾಮ್, ವಾಟ್ಸಾಪ್‌ನಲ್ಲಿ ಆರ್ಡರ್ ಬರುತ್ತದೆ. ಎಡವುವುದು ದರ ಹೇಳುವಾಗ.

ಸೆರಗಿನ ಅಗಲ ಸುಮಾರು 46 ಇಂಚು. ಇಂಚಿಗೊಂದರಂತೆ 46 ಕುಚ್ಚು. ಒಂದಕ್ಕೆ 5 ನಿಮಿಷ ಅಂದರೂ 230 ನಿಮಿಷ. ಎಳೆ ಬಿಡಿಸುವುದು, ತುದಿ ಕತ್ತರಿಸುವುದು, ಫೋಟೊ, ಪ್ಯಾಕಿಂಗ್ ಸೇರಿ 5 ಗಂಟೆ. 500 ರೂಪಾಯಿ ಅಂದುಬಿಟ್ಟು, ದಾರಕ್ಕೆ 60 ಹೋದರೆ ಗಂಟೆಗೆ ಉಳಿಯುವುದು 88. ಮುಕ್ಕಾಲು ಇಂಚಿಗೊಂದು ಬೇಕೆಂದರೆ ಕುಚ್ಚು 61 ಆಗುತ್ತದೆ. ಅದೇ ದರಕ್ಕೆ ಒಪ್ಪಬೇಡಿ. ಅಂಚೆ ಖರ್ಚು ಬೇರೆ. ಜರಿ ಸೀರೆ ಸುಲಭವಾಗಿ 500 ಗ್ರಾಂ ದಾಟುತ್ತದೆ, ತೂಗಿಯೇ ಹೇಳಿ.

ಬಣ್ಣವನ್ನು ಗಿರಾಕಿ ಕಳಿಸಿದ ಫೋಟೊ ನೋಡಿ ಆರಿಸಬೇಡಿ. ಟ್ಯೂಬ್‌ಲೈಟಿನಲ್ಲಿ ತೆಗೆದ ನವಿಲು ಬಣ್ಣ ಒಮ್ಮೆ ನೀಲಿ, ಒಮ್ಮೆ ಹಸಿರು. ಸೀರೆ ಕೈಗೆ ಬಂದ ಮೇಲೆ ಹಗಲು ಬೆಳಕಿನಲ್ಲಿ, ಕಿಟಕಿಯ ಬಳಿ, ಸೆರಗಿನ ಮೇಲೆ ದಾರವಿಟ್ಟು ಫೋಟೊ ಕಳಿಸಿ. "ಇದೇ ಇರಲಿ" ಎಂಬ ಉತ್ತರ ಬರುವವರೆಗೆ ಸೂಜಿ ಎತ್ತಬೇಡಿ. ಕಡುಗೆಂಪು, ಮರೂನ್ ದಾರವಾದರೆ ಒಂದು ತುಂಡನ್ನು ಒದ್ದೆ ಬಿಳಿ ಬಟ್ಟೆಯಲ್ಲಿ ಒತ್ತಿ ಉಜ್ಜಿ. ಬಟ್ಟೆಗೆ ಬಣ್ಣ ಹತ್ತಿದರೆ ಕೆನೆ ಬಣ್ಣದ ಸೆರಗಿಗೂ ಹತ್ತುತ್ತದೆ.

ಗಂಟು ನೇಯ್ಗೆಯ ಅಂಚಿಗೆ ತಾಗಿಯೇ ಕೂರಬೇಕು. ಅರ್ಧ ಇಂಚು ಕೆಳಗೆ ಬಿದ್ದರೆ ಅಂಚಿನ ಹೊಕ್ಕಿನ ಎಳೆ (ಅಡ್ಡ ಎಳೆ) ಸಡಿಲವಾಗಿ ಜಾರುತ್ತದೆ. ಸೆರಗಿನಲ್ಲಿ ಬಿಡಿ ಎಳೆಯೇ ಇಲ್ಲದಿದ್ದರೆ ಅಂಚು ಮಡಚಿ ಹೊಲಿದು, ಕುಚ್ಚನ್ನು ಸೂಜಿಯಲ್ಲಿ ಸೇರಿಸಬೇಕು. ತುದಿಗಳನ್ನು ಒಂದೊಂದಾಗಿ ಕತ್ತರಿಸುತ್ತ ಹೋದರೆ ಸಾಲು ಓರೆಯಾಗುವುದು ಖಂಡಿತ. ಎಲ್ಲ ಕಟ್ಟಿದ ಮೇಲೆ ಬಾಚಿ, ಸ್ಕೇಲ್ ಇಟ್ಟು, ಒಂದೇ ಸಲಕ್ಕೆ ಕತ್ತರಿಸಿ.

ಮಣಿ ಕುಚ್ಚಿಗೆ ಬೆಲೆ ಹೆಚ್ಚು. ಆದರೆ ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹಾಕುವ ಮಗು ಮನೆಯಲ್ಲಿದ್ದರೆ ಆ ಆರ್ಡರ್ ಬೇಡವೇ ಬೇಡ. ನೆಲಕ್ಕೆ ಬಿದ್ದ ಮಣಿ ನಮಗಿಂತ ಮೊದಲು ಅಂಬೆಗಾಲಿನವರ ಕಣ್ಣಿಗೆ ಬೀಳುತ್ತದೆ.

ಅರ್ಧ ಹಣ ಮುಂಗಡ ತಗೊಳ್ಳಿ. "ಪಿನ್ ಒತ್ತಿ, ದುಡ್ಡು ಬರುತ್ತೆ" ಅಂತ ಗಿರಾಕಿ ಅಂದರೆ ಅಲ್ಲಿಗೇ ಮಾತು ಮುಗಿಸಿ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಕಿಲ್ಲ. ಬಂದ ಪಾರ್ಸೆಲ್ ಬಿಚ್ಚುವಾಗಲೇ ಸೀರೆಯ ಎರಡೂ ಬದಿ ವಿಡಿಯೊ ಮಾಡಿ, ಆಗಲೇ ಗಿರಾಕಿಗೆ ಕಳಿಸಿಬಿಡಿ. ಹಳೆಯ ಅರಿಸಿನದ ಕಲೆ ನಿಮ್ಮ ತಲೆಗೆ ಬರುವುದಿಲ್ಲ.