ಗಾಡಿ ಒಳಗ ನೀರು: ಕಾರ್ಪೆಟ್ ಎತ್ತಿದ ಮ್ಯಾಲಿನ ಅಪ್ಡೇಟ್

ಮಳಿ ಬಂದಾಗೆಲ್ಲ ನಮ್ಮ ಕಾರಿನೊಳಗ ಎಡಗಡೆ ಸೀಟಿನ ಮುಂದ ಹಸಿ ಆಗ್ತಿತ್ತು, ಅದರದ್ದ ಕೆಲಸ ನಡದೈತಿ. ಕಾರ್ಪೆಟ್ ಮ್ಯಾಲ ಕೈ ಇಟ್ರ ಬರೇ ತಂಪು ಅನಸ್ತಿತ್ತು, ಸೀಟ್ ಬಿಚ್ಚಿ ಎತ್ತಿ ನೋಡಿದ್ರ ಕೆಳಗಿನ ಫೋಮ್ ಪೂರಾ ನೀರು ಕುಡದಿತ್ತು, ಹಿಂಡಿದ್ರ ಬಕೆಟ್‌ಗೆ ಸುರೀತು. ಮ್ಯಾಲಿಂದ ಒರಿಸಿ ಸೆಂಟ್ ಹೊಡದ್ರ ಆ ಮುಗ್ಗಲು ವಾಸನಿ ಎಲ್ಲಿಂದ ಹೋಗಬೇಕ್ರಿ. (ಸೀಟಿನ ಕೆಳಗ ಹಳದಿ ಕನೆಕ್ಟರ್ ಇದ್ರ ಅದು ಏರ್‌ಬ್ಯಾಗ್‌ಂದು, ಬ್ಯಾಟರಿ ವೈರ್ ತಗದು ಸ್ವಲ್ಪ ಹೊತ್ತು ಬಿಟ್ಟು ಆಮ್ಯಾಲ ಕೈ ಹಚ್ಚರಿ.)

ಮೊದಲ ನೋಡಿದ್ದು ಇದು ಮಳಿ ನೀರೋ ಬ್ಯಾರೆನೋ ಅಂತ. ಎಸಿ ಹಚ್ಚಿ ನಿಲ್ಲಿಸಿದ್ರ ಗಾಡಿ ಕೆಳಗ ಹನಿ ಬೀಳ್ತಾವು, ಅಂದ್ರ ಎಸಿ ನೀರು ಹೊರಗ ಹೋಗೋ ಪೈಪ್ ಕಟ್ಟಿಲ್ಲ. ಕೂಲಂಟ್ (ಇಂಜಿನ್ ತಂಪು ಮಾಡೋ ನೀರು, ಹೀಟರ್‌ನ್ಯಾಗೂ ಅದ ಹರೀತದ) ಕಡಿಮಿ ಆಗಿಲ್ಲ, ಸಿಹಿ ವಾಸನಿ ಇಲ್ಲ, ಗ್ಲಾಸ್ ಒಳಗ ಜಿಡ್ಡಿಲ್ಲ, ಹಂಗಾಗಿ ಹೀಟರ್‌ದೂ ಅಲ್ಲ. ಉಳಿದಿದ್ದು ನಮ್ಮ ಬೆಳಗಾವಿ ಜಿಟಿಜಿಟಿ ಮಳಿನ.

ವೈಪರ್ ಕೆಳಗಿನ ಜಾಳಗಿ ತಗದೆ. ಗಾಡಿ ನಿಲ್ಲೋದು ಹುಣಸಿಗಿಡದ ಕೆಳಗ, ಆ ಸಣ್ಣ ಎಲಿ ಎಲ್ಲಾ ಜಾಳಗಿ ದಾಟಿ ಹೋಗಿ ಕೊಳತು ರಾಡಿ ಆಗ್ಯಾವು. ಬಳದು ತಗದು ತಂಬಗಿ ನೀರು ಹಾಕಿದ್ರ ಚಕ್ರದ ಹಿಂದಿಂದ ಸರಳ ಹೊರಗ ಬಂತು. ಆದ್ರ ಬ್ಲೋವರ್ (ಎಸಿ ಗಾಳಿ ಊದೋ ಫ್ಯಾನ್) ಕಡೆ ಒಣಾನ ಇತ್ತು, ಹಿಂಗಾಗಿ ಕಳ್ಳ ಇಲ್ಲಿಲ್ಲ.

ಆಮ್ಯಾಲ ಪೈಪ್ ಟೆಸ್ಟ್. ಅಣ್ಣನ ಮಗ ಹೊರಗ ಪೈಪ್ ಹಿಡದ, ನಾ ಒಳಗ ಟಾರ್ಚ್ ಹಚ್ಕೊಂಡು ಕುಂತೆ.

"ಕಾಕಾ, ಮ್ಯಾಲ ಹಿಡೀಲೇನು?"

"ಬ್ಯಾಡೋ, ಕೆಳಗಿಂದ ಬಾ, ಒಂದು ಜಾಗಾ ಮುಗೀಲಿ."

ಮ್ಯಾಲಿಂದ ಒಮ್ಮಿಗೇ ಬಿಟ್ರ ನೀರು ಎಲ್ಲಾ ಕಡೆ ಇಳೀತದ, ಎಲ್ಲಿ ಸೋರೇತಿ ಅಂತ ಗೊತ್ತಾಗಂಗಿಲ್ಲ. ಪ್ರೆಶರ್ ವಾಷರ್ ಅಂತೂ ಬ್ಯಾಡ, ಛಲೋ ಇದ್ದ ಸಂದಿನೊಳಗೂ ನೀರು ನುಗ್ಗಸ್ತದ. ಬಾಗಲ ಚೌಕಟ್ಟಿನ ತಗಡಿಗೆ ಪೌಡರ್ ಉದುರಿಸಿದ್ದೆ. ಬಾಗಲ ಗಾಜಿನ ಬುಡಕ್ಕ ನೀರು ಬಿಟ್ಟದ್ದ ತಡ, ಟ್ರಿಮ್ (ಬಾಗಲದ ಒಳಗಿನ ಮುಚ್ಚಳ) ಕೆಳಗಿಂದ ಪೌಡರ್‌ನ್ಯಾಗ ಗೆರಿ ಮೂಡ್ತು.

ಮಿಸ್ತ್ರಿ "ಸಾಹೇಬ್ರ, ಬಾಗಲ ರಬ್ಬರ್ ಬದಲ ಮಾಡ್ರಿ" ಅಂದಿದ್ದ. ರಬ್ಬರ್ ಗಟ್ಟಿ ಐತಿ, ನೋಟು ಇಟ್ಟು ಬಾಗಲ ಹಾಕಿ ಎಳದ್ರ ಬಿಡಂಗಿಲ್ಲ. ವಿಷಯ ಏನಂದ್ರ ಗಾಜಿನ ಸಂದಿಯಿಂದ ಬಾಗಲ ಒಳಗ ನೀರು ಇಳಿಯೋದು ರೂಢಿನ, ಕೆಳಗಿನ ತೂತಿನಿಂದ ಹೊರಗ ಹೋಗಲಿ ಅಂತನ ಹಂಗ ಮಾಡಿರ್ತಾರ, ಟ್ರಿಮ್ ಹಿಂದಿನ ಪ್ಲಾಸ್ಟಿಕ್ ಹಾಳಿ ಅದನ್ನ ನಮ್ಮ ಕಡೆ ಬರಗೊಡಂಗಿಲ್ಲ. ಹಿಂದ ಸ್ಪೀಕರ್ ಹಾಕಿದಾವ ಆ ಹಾಳಿ ಹರದು ಹಂಗ ಬಿಟ್ಟಾನ, ಪುಣ್ಯಾತ್ಮ.

ಹಳೇ ಅಂಟು ತಗದು, ದಪ್ಪನ ಪ್ಲಾಸ್ಟಿಕ್ ಕತ್ತರಿಸಿ ಬ್ಯುಟೈಲ್ ಟೇಪ್‌ಲೆ (ರಬ್ಬರ್‌ನಂಥ ಮೆತ್ತನ ಅಂಟು ಪಟ್ಟಿ) ಕೂಡಿಸೀನಿ, ಕೆಳಗಿನ ಅಂಚು ಬಾಗಲ ಒಳಗ ಬರೋ ಹಂಗ ಇಟ್ಟೀನಿ, ಇಲ್ಲಾಂದ್ರ ಹಾಳಿ ಗುಂಟ ಇಳದ ನೀರು ಮತ್ತ ಟ್ರಿಮ್‌ಗೆ ಬರ್ತದ. ಹಾರ್ಡವೇರ್ ಅಂಗಡ್ಯಾಗ ಸಿಗೋ ವಿನೆಗರ್ ವಾಸನಿ ಸಿಲಿಕಾನ್ ಹಚ್ಚಬ್ಯಾಡ್ರಿ, ಬಣ್ಣ ಹೋದ ತಗಡಿಗೆ ತುಕ್ಕು ಹಿಡಸ್ತದ. ಬಾಗಲ ಕೆಳಗಿನ ತೂತೂ ತಂತಿಲೆ ಸ್ವಚ್ಛ ಮಾಡೀನಿ.

ಈಗ ಬಿಸಲಿಲ್ಲ, ಫೋಮ್ ಫ್ಯಾನ್ ಮುಂದ ನಿಲ್ಲಿಸೀನಿ, ಮನಿಯಾಗ ಬೈಗಳ ನಡದಾವು. ಇನ್ನೊಂದು ಜೋರ ಮಳಿ ಆಗೋತನಕ ಕಾರ್ಪೆಟ್ ಹಾಕಂಗಿಲ್ಲ. ಡಿಕ್ಕಿಯೊಳಗ ಸ್ಟೆಪ್ನಿ ಕೆಳಗೂ ಸ್ವಲ್ಪ ನೀರು ಕಂಡೈತಿ, ಹಿಂದಿನ ಲೈಟಿನ ಗ್ಯಾಸ್ಕೆಟ್ ಮ್ಯಾಲ ಸಂಶಯ, ಅಲ್ಲಿ ಪೇಪರ್ ಹಾಸಿ ಬಿಟ್ಟೀನಿ.