ಗಂಗೋತ್ರಿಯೋ, ಪ್ರೈವೇಟೋ?

ಅಕ್ಕನ ಮಗಳಿಗೆ ಎಂ.ಎಸ್ಸಿ. ಕೆಮಿಸ್ಟ್ರಿಗೆ ಎರಡು ಕಡೆ ಸೀಟು ಸಿಕ್ಕಿದೆ. ಮೈಸೂರು ಯೂನಿವರ್ಸಿಟಿಯ ಮಾನಸಗಂಗೋತ್ರಿ ಕ್ಯಾಂಪಸ್, ಇಲ್ಲವೇ ಬೆಂಗಳೂರಿನ ಒಂದು ಸಣ್ಣ ಪ್ರೈವೇಟ್ ಯೂನಿವರ್ಸಿಟಿ. ಪ್ರೈವೇಟಿನವರು ದಿನಾ ಫೋನ್ ಮಾಡಿ "ಸೀಟ್ ಬ್ಲಾಕ್ ಮಾಡ್ಲಾ ಮೇಡಂ?" ಅನ್ನುತ್ತಾರೆ. ಸರ್ಕಾರಿ ಕಡೆಯವರು ಯಾಕೆ ಫೋನ್ ಮಾಡುತ್ತಾರೆ, ಅಲ್ವಾ? ನಾವೇ ವೆಬ್‌ಸೈಟ್ ನೋಡುತ್ತಾ ಕೂರಬೇಕು.

ನನ್ನ ಓಟು ಗಂಗೋತ್ರಿಗೆ. 1916ರ ಯೂನಿವರ್ಸಿಟಿ, ಕುವೆಂಪು ಅವರೇ ಹೆಸರಿಟ್ಟ ಕ್ಯಾಂಪಸ್, ಪಕ್ಕದಲ್ಲೇ ಕುಕ್ಕರಹಳ್ಳಿ ಕೆರೆ. ಫೀಸೂ ಕಮ್ಮಿ. ಭಾವನಿಗೆ ಮಾತ್ರ ಪ್ಲೇಸ್‌ಮೆಂಟ್ ಚಿಂತೆ.

ಹುಡುಗಿ ನಮ್ಮಿಬ್ಬರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. "ಮಾಮ, ಪಾಠ ಮಾಡೋರಲ್ಲಿ ಕಾಯಂ ಎಷ್ಟು ಜನ, ಗೆಸ್ಟ್ ಲೆಕ್ಚರರ್ಸ್ ಎಷ್ಟು? ಲ್ಯಾಬಲ್ಲಿ ಮಷಿನ್ ನಮ್ಮ ಕೈಗೆ ಕೊಡ್ತಾರಾ, ಸುಮ್ನೆ ತೋರಿಸ್ತಾರಾ?" ಎಂದಳು. ಕೆರೆ ತೋರಿಸಿ ಒಪ್ಪಿಸಲು ಹೊರಟಿದ್ದ ನಾನು ತೆಪ್ಪಗಾದೆ. ಎರಡೂ ಕಡೆ ಸೀನಿಯರ್‌ಗಳ ನಂಬರ್ ಹುಡುಕುತ್ತಿದ್ದಾಳೆ.